ಟ್ರೇಲರ್ ಉರುಳಿದರೆ ಚಾಲಕನೊಬ್ಬನೇ ಹೊಣೆಯೇ?

ಹೆದ್ದಾರಿಯಲ್ಲಿ ಒಂದು ಭಾರಿ ಗಾಡಿ ಉರುಳಿದ ಮರುದಿನ ಪತ್ರಿಕೆಗಳಲ್ಲಿ ಬರುವ ಸುದ್ದಿಯನ್ನು ನಮ್ಮ ಓದುಗರು ಬಾಯಿಪಾಠ ಹೇಳಬಲ್ಲರು. "ಚಾಲಕನ ನಿಯಂತ್ರಣ ತಪ್ಪಿ" ಎಂದು ಅದು ಆರಂಭವಾಗುತ್ತದೆ. "ಪ್ರಕರಣ ದಾಖಲಾಗಿದೆ" ಎಂದು ಮುಗಿಯುತ್ತದೆ. ನಡುವೆ ಸತ್ತವರ ಲೆಕ್ಕ ಇರುತ್ತದೆ. ನಿಯಂತ್ರಣ ತಪ್ಪಿದ್ದು ಎಲ್ಲಿ, ಯಾವಾಗ, ಯಾರ ಕೈಯಿಂದ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಚಾಲಕ ಸತ್ತಿದ್ದರೆ ಉತ್ತರ ಹೇಳಲು ಅವನು ಇರುವುದಿಲ್ಲ. ಬದುಕಿದ್ದರೆ ಅವನ ಮಾತನ್ನು ಕೇಳುವವರು ಇರುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಭಾರಿ ಟ್ರೇಲರಿನ ಸುರಕ್ಷತೆ ಬಹುಪಾಲು ಅದು ರಸ್ತೆಗೆ ಇಳಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಗೋದಾಮಿನ ಕಟ್ಟೆಯ ಮೇಲೆ ಹೇರು ಹೇರುವಾಗ, ಬಾಡಿಗೆಯ ಚೌಕಾಸಿ ನಡೆಯುವಾಗ, "ನಾಳೆ ಬೆಳಗಿನೊಳಗೆ ಮುಟ್ಟಬೇಕು" ಎಂದು ಗಡುವು ಹಾಕುವಾಗ ಅದು ನಿಶ್ಚಯವಾಗುತ್ತದೆ. ಈ ಮೂರೂ ಕಡೆ ನಮ್ಮ ಓದುಗರಾದ ಗಿರಣಿ ಕೆಲಸಗಾರರೂ, ಹಮಾಲರೂ, ಸಣ್ಣ ವ್ಯಾಪಾರಸ್ಥರೂ ನಿಂತಿರುತ್ತಾರೆ. ಆದ್ದರಿಂದ ಇದು ಚಾಲಕರಿಗೆ ಮಾತ್ರ ಸೇರಿದ ವಿಷಯವೆಂದು ಪುಟ ತಿರುವಬಾರದೆಂದು ನಮ್ಮ ಬಿನ್ನಹ.

ನಮ್ಮ ಸೀಮೆಯ ರಸ್ತೆಗಳು

ಧಾರವಾಡ ಜಿಲ್ಲೆಯ ನಕಾಶೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿರಿ. ವಿಜಯಪುರದಿಂದ ಬರುವ ಹೆದ್ದಾರಿ ನರಗುಂದ, ನವಲಗುಂದಗಳನ್ನು ದಾಟಿ ಹುಬ್ಬಳ್ಳಿಗೆ ಬರುತ್ತದೆ. ಅಲ್ಲಿಂದ ಕಲಘಟಗಿ, ಯಲ್ಲಾಪುರದ ಮೇಲೆ ಹಾಯ್ದು ಘಟ್ಟ ಇಳಿದು ಅಂಕೋಲೆಯನ್ನು ಮುಟ್ಟುತ್ತದೆ. ಇದು ಈಗಿನ 52ನೆಯ ರಾಷ್ಟ್ರೀಯ ಹೆದ್ದಾರಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಅಣ್ಣಿಗೇರಿಗಳ ಮೇಲೆ ಹುಬ್ಬಳ್ಳಿಗೆ ಬರುವುದು 67ನೆಯದು. ಪುಣೆ–ಬೆಂಗಳೂರು ರಸ್ತೆ 48ನೆಯದು. ಮೂರೂ ಹುಬ್ಬಳ್ಳಿಯ ಸುತ್ತ ಕೂಡುತ್ತವೆ. ಕುಂದಗೋಳ ಪಟ್ಟಣ ಇವುಗಳಿಂದ ತುಸು ಪಕ್ಕಕ್ಕಿದೆ. ಆದರೆ ಅಲ್ಲಿಯ ಮೆಣಸಿನಕಾಯಿ, ಹತ್ತಿಯ ಹೇರೂ ಕೊನೆಗೆ ಈ ರಸ್ತೆಗಳಿಗೇ ಬರಬೇಕು.

ಭಾರಿ ಗಾಡಿಗಳ ಕಾಟ ಎಂದರೇನೆಂದು ಈ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ. 2000ದ ನಂತರದ ವರ್ಷಗಳಲ್ಲಿ, ಚೀನಾ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ, ಬಳ್ಳಾರಿ, ಸಂಡೂರು, ಹೊಸಪೇಟೆಗಳ ಗಣಿಗಳಿಂದ ಬೇಲೇಕೇರಿ ಮತ್ತು ಕಾರವಾರ ಬಂದರುಗಳಿಗೆ ಅದಿರಿನ ಲಾರಿಗಳ ಸಾಲು ಹರಿಯಿತು. ಆಗ ಅದು 63ನೆಯ ನಂಬರಿನ ಹೆದ್ದಾರಿ. ಅಣ್ಣಿಗೇರಿ, ಹುಬ್ಬಳ್ಳಿ, ಕಲಘಟಗಿಗಳ ಜನ ಕೆಂಪು ಧೂಳನ್ನು ಉಂಡರು. ರಸ್ತೆ ಕಿತ್ತುಹೋಯಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು 2011ರ ಜುಲೈ 27ರಂದು ಕೊಟ್ಟ ಗಣಿ ವರದಿಯಲ್ಲಿ ಕಳವಿನ ಅದಿರಿನ ಜೊತೆಗೆ ಮಿತಿಮೀರಿದ ಹೇರಿನ ವಿಷಯವೂ ಬಂದಿದೆ. ಲಾಭ ಗಣಿಯ ಧಣಿಗಳಿಗೆ ಹೋಯಿತು. ಮುರಿದ ರಸ್ತೆಯೂ ಮುರಿದ ಕಾಲುಗಳೂ ನಮ್ಮ ಪಾಲಿಗೆ ಬಂದವು. ಆ ಹೇರನ್ನು ಹೇರಿಸಿದವನು ಚಾಲಕನಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಅಪಘಾತವಾದಾಗ ಠಾಣೆಯಲ್ಲಿ ಕೂತವನು ಚಾಲಕನೇ.

ಅದಿರಿನ ಸಾಲು ಕರಗಿತು. ಆದರೆ ಅದಕ್ಕಿಂತ ಉದ್ದವಾದ ಗಾಡಿಗಳು ಬಂದಿವೆ. ತೋರಣಗಲ್ಲಿನ ಉಕ್ಕಿನ ಸುರುಳಿಗಳು, ಬಂದರಿನ ಕಂಟೇನರುಗಳು, ಗದಗ ಸೀಮೆಯ ಗಾಳಿಯಂತ್ರಗಳ ಮಾರುದ್ದದ ರೆಕ್ಕೆಗಳು, ಎಲ್ಲವೂ ಈಗ ಟ್ರೇಲರಿನ ಮೇಲೆ ಸಾಗುತ್ತವೆ.

ಟ್ರೇಲರ್ ಎಂದರೆ ಎರಡು ಗಾಡಿ

ಟ್ರೇಲರ್ ಎಂದರೆ ದೊಡ್ಡ ಲಾರಿ ಎಂದು ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ, ಅದು ಒಂದು ಪಿನ್ನಿನಿಂದ ಕೂಡಿಸಿದ ಎರಡು ಗಾಡಿ. ಮುಂದೆ ಇಂಜಿನ್ ಇರುವ ಗಾಡಿ. ಅದರ ಬೆನ್ನ ಮೇಲೆ ಕುದುರೆ ಲಾಳದ ಆಕಾರದ ಉಕ್ಕಿನ ತಟ್ಟೆ. ಇದಕ್ಕೆ ಫಿಫ್ತ್ ವ್ಹೀಲ್ ಎನ್ನುತ್ತಾರೆ. ಹಿಂದಿನ ಟ್ರೇಲರಿನ ಮೂತಿಯ ಕೆಳಗೆ ಸುಮಾರು ಎರಡು ಇಂಚು ದಪ್ಪದ ಕಿಂಗ್ ಪಿನ್. ಆ ಪಿನ್ನನ್ನು ತಟ್ಟೆಯ ದವಡೆಗಳು ಕಚ್ಚಿ ಹಿಡಿಯುತ್ತವೆ. ಇಡೀ ಗಾಡಿಯ ಭಾರಕ್ಕೆ ಕಾಯಿದೆಯ ಮಿತಿ 55 ಟನ್ನು, ಅಂದರೆ 550 ಕ್ವಿಂಟಲು. ಚೀಲಕ್ಕೆ 50 ಕಿಲೋ ಹಿಡಿದರೆ 1,100 ಚೀಲದ ತೂಕ. 2018ರ ಜುಲೈಯಲ್ಲಿ ಸರಕಾರ ಒಂದೊಂದು ಅಚ್ಚಿನ ಮೇಲಿನ ಭಾರದ ಮಿತಿಯನ್ನು ಏರಿಸಿತು. ಅಚ್ಚು ಎರಡೇ ಇರುವ ಲಾರಿಯ ಒಟ್ಟು ಭಾರ 16.2 ಟನ್ನಿನಿಂದ 18.5ಕ್ಕೆ ಹೋಯಿತು. ಅಷ್ಟು ಏರಿಸಿದ ಮೇಲೂ ಅದನ್ನು ಮೀರಿ ಹೇರುವವರು ಇದ್ದಾರೆ.

ನಮ್ಮ ಒಕ್ಕಲಿಗ ಬಂಧುಗಳಿಗೆ ಇದನ್ನು ಚಕ್ಕಡಿಯ ಮಾತಿನಲ್ಲಿ ಹೇಳಬಹುದು. ಹೇರಿದ ಚಕ್ಕಡಿ ಇಳಿಜಾರಿಗೆ ಬಂದರೆ ಎತ್ತು ಚಕ್ಕಡಿಯನ್ನು ಎಳೆಯುವುದಿಲ್ಲ; ಚಕ್ಕಡಿಯೇ ಎತ್ತಿನ ಮೇಲೆ ಬರುತ್ತದೆ. ಎತ್ತು ಗಾಬರಿಯಾಗಿ ಗಕ್ಕನೆ ನಿಂತರೆ ಮೂಕಿ ಅಡ್ಡ ತಿರುಗುತ್ತದೆ. ಟ್ರೇಲರಿಗೂ ಇದೇ ಗತಿ. ಮುಂದಿನ ಗಾಡಿಯ ಹಿಂಗಾಲಿಗಳು ಜೋರಾದ ಬ್ರೇಕಿನಿಂದ ಉರುಳದೆ ಜಾರತೊಡಗಿದರೆ, ಹಿಂದಿನ ಭಾರ ಅದನ್ನು ದೂಡಿ, ಮಡಿಚುವ ಚಾಕುವಿನಂತೆ ಇಡೀ ಗಾಡಿ ಮಡಿಚಿಕೊಳ್ಳುತ್ತದೆ. ಹೇರು ತುಂಬಿದ ಗಾಡಿಯೇ ಅಪಾಯದ್ದು, ಖಾಲಿ ಗಾಡಿ ಸುರಕ್ಷಿತ ಎಂದು ತಿಳಿಯಬಾರದು. ಖಾಲಿ ಟ್ರೇಲರಿನ ಗಾಲಿಗಳಿಗೆ ನೆಲದ ಹಿಡಿತ ಕಡಿಮೆ. ಮೊದಲ ಮಳೆಗೆ ನೆನೆದ ಡಾಂಬರಿನ ಮೇಲೆ ಅವು ಬೇಗ ಜಾರುತ್ತವೆ.

ಎರಡನೆಯ ಅಪಾಯ ಪಲ್ಟಿ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ವೇಗದ ವರ್ಗದಂತೆ ಬೆಳೆಯುತ್ತದೆ. ಇದು ನಾವು ಶಾಲೆಯ ಹಲಗೆಯ ಮೇಲೆ ಬರೆದು ಕಲಿಸುತ್ತಿದ್ದ ಲೆಕ್ಕ. 30 ಕಿ.ಮೀ. ವೇಗದಲ್ಲಿ ದಾಟಬೇಕಾದ ತಿರುವನ್ನು 45ರಲ್ಲಿ ದಾಟಿದರೆ ಆ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಹೇರು ಎಷ್ಟು ಎತ್ತರವೋ ಪಲ್ಟಿ ಅಷ್ಟು ಸುಲಭ. ಟ್ರೇಲರಿನ ಹಿಂಭಾಗ ಏಳತೊಡಗಿದ್ದು ಮುಂದೆ ಕೂತ ಚಾಲಕನಿಗೆ ಕೂಡಲೇ ತಿಳಿಯುವುದೂ ಇಲ್ಲ. ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ಮೂರನೆಯದು ನಿಲ್ಲುವ ದೂರ. ಗಂಟೆಗೆ 80 ಕಿ.ಮೀ. ಓಡುವ ಗಾಡಿ ಸೆಕೆಂಡಿಗೆ 22 ಮೀಟರು ಹೋಗುತ್ತದೆ. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವ ಒಂದೂವರೆ ಸೆಕೆಂಡಿನಲ್ಲಿಯೇ 33 ಮೀಟರು ಮುಗಿದಿರುತ್ತದೆ. ಬ್ರೇಕ್ ಹಿಡಿಯಲು ಆರಂಭವಾಗುವುದು ಆ ಮೇಲೆ. ಮೋಟಾರು ಸೈಕಲ್ಲಿನ ತರುಣರು ಟ್ರೇಲರಿನ ಮೂತಿಯ ಮುಂದೆ ತಟ್ಟನೆ ನುಸುಳಿ ಹೋಗುವಾಗ ಈ ಲೆಕ್ಕವನ್ನು ನೆನೆಯಬೇಕು.

ನಾಲ್ಕನೆಯದು ತಿರುಗುವ ರೀತಿ. ಟ್ರೇಲರಿನ ಹಿಂಗಾಲಿಗಳು ಮುಂಗಾಲಿ ಹೋದ ದಾರಿಯಲ್ಲಿ ಬರುವುದಿಲ್ಲ. ತಿರುವಿನ ಒಳಗಡೆಯನ್ನು ಕತ್ತರಿಸಿಕೊಂಡು ಬರುತ್ತವೆ. ನವಲಗುಂದ, ಕಲಘಟಗಿಯಂಥ ಊರುಗಳ ಕ್ರಾಸಿನಲ್ಲಿ ಗಾಡಿ ಎಡಕ್ಕೆ ತಿರುಗುವಾಗ ಅದರ ಎಡ ಪಕ್ಕದಲ್ಲಿ ಸೈಕಲ್ಲು ನಿಲ್ಲಿಸಿಕೊಂಡವನು ಚಾಲಕನ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಮಕ್ಕಳಿಗೆ ಇದನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳಬೇಕು: ಚಾಲಕನ ಮುಖ ಅವನ ಕನ್ನಡಿಯಲ್ಲಿ ನಿನಗೆ ಕಾಣದಿದ್ದರೆ, ನೀನು ಅವನಿಗೆ ಕಾಣುತ್ತಿಲ್ಲ.

ಚಾಲಕ ಬಂಧುಗಳಿಗೆ

ಹೊಣೆ ಚಾಲಕನೊಬ್ಬನದಲ್ಲ ಎಂದ ಮಾತ್ರಕ್ಕೆ ಅವನ ಹೊಣೆ ಇಲ್ಲವೆಂದಲ್ಲ. ಗಾಡಿ ಹೊರಡುವ ಮೊದಲು ಕಾಲು ತಾಸು ಅದರ ಸುತ್ತ ನಡೆಯುವುದು ಅವನ ಕಸುಬಿನ ಮರ್ಯಾದೆ. ಪಿನ್ನನ್ನು ದವಡೆ ಪೂರ್ತಿ ಕಚ್ಚಿದೆಯೇ ಎಂಬುದನ್ನು ಕೆಳಗೆ ಬಗ್ಗಿ ಕಣ್ಣಿನಿಂದ ನೋಡಬೇಕು. ಬಳಿಕ ಟ್ರೇಲರಿನ ಬ್ರೇಕ್ ಹಿಡಿದಿಟ್ಟು ಮೆಲ್ಲಗೆ ಮುಂದಕ್ಕೆ ಎಳೆದು ಪರೀಕ್ಷಿಸಬೇಕು. ಟ್ರೇಲರಿನ ಊರುಗಾಲುಗಳು ಪೂರ್ತಿ ಮೇಲೆ ಬಂದಿರಬೇಕು. ಗಾಳಿಯ ನಳಿಗೆಗಳು ಸೋರುತ್ತಿಲ್ಲವೆಂದು ಕಿವಿಗೊಟ್ಟು ಕೇಳಬೇಕು. ಗಾಳಿಯ ಒತ್ತಡ ಮುಳ್ಳಿನ ಗುರುತಿಗೆ ಬರುವ ತನಕ ಗಾಡಿ ಕದಲಬಾರದು. ಜೋಡಿ ಟಾಯರುಗಳಲ್ಲಿ ಒಳಗಿನದು ಗಾಳಿ ಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ, ಬಡಿದೇ ನೋಡಬೇಕು. ಹಿಂದಿನ ಕೆಂಪು ದೀಪ, ಪಕ್ಕದ ಹೊಳೆಯುವ ಪಟ್ಟಿ ಇವುಗಳ ಮೇಲಿನ ಕೆಸರನ್ನು ಒರೆಸಬೇಕು.

ಘಟ್ಟದ ಮಾತು ಬೇರೆಯೇ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಡೀಝೆಲ್ ಉಳಿಸಲೆಂದು ಗೇರು ತೆಗೆದು ನ್ಯೂಟ್ರಲಿನಲ್ಲಿ ಗಾಡಿಯನ್ನು ಬಿಡುವವರಿದ್ದಾರೆ. ಇದು ಉಳಿತಾಯವಲ್ಲ. ಗೇರಿನಲ್ಲಿದ್ದ ಇಂಜಿನ್ ಗಾಡಿಯನ್ನು ತಡೆಹಿಡಿಯುತ್ತದೆ. ಗೇರು ತೆಗೆದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕನ್ನು ಎಡೆಬಿಡದೆ ಒತ್ತಿ ಹಿಡಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಹೋಗುತ್ತದೆ. ಸುಟ್ಟ ವಾಸನೆ ಬರುವ ಹೊತ್ತಿಗೆ ಅರ್ಧ ಬ್ರೇಕು ಹೋಗಿರುತ್ತದೆ. ಮೇಲಿಂದ ಮೇಲೆ ಒತ್ತಿ ಬಿಟ್ಟರೆ ತುಂಬಿಟ್ಟ ಗಾಳಿಯೂ ತೀರುತ್ತದೆ. ಆದ್ದರಿಂದ ಘಟ್ಟದ ತಲೆಯಲ್ಲಿ ನಿಲ್ಲಿಸಿ ಬ್ರೇಕ್ ನೋಡಬೇಕು. ಇಳಿಯಲು ಆರಂಭಿಸುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಅದೇ ಘಟ್ಟವನ್ನು ಅದೇ ಹೇರಿನೊಡನೆ ಏರಲು ಯಾವ ಗೇರು ಬೇಕೋ, ಇಳಿಯಲು ಅದೇ ಅಥವಾ ಅದಕ್ಕೂ ಕೆಳಗಿನ ಗೇರು.

ಗಾಡಿ ಕೆಟ್ಟು ನಿಂತಾಗ ಹಿಂದೆ ಕಲ್ಲು ಇಡುವ ರೂಢಿ ನಮ್ಮಲ್ಲಿದೆ. ಗಾಡಿ ಹೋದ ಮೇಲೆ ಕಲ್ಲು ಅಲ್ಲಿಯೇ ಉಳಿಯುತ್ತದೆ. ರಾತ್ರಿ ಬೈಕಿನ ಮೇಲೆ ಬರುವ ಬಡವನೊಬ್ಬ ಅದಕ್ಕೆ ಹಾಯುತ್ತಾನೆ. ಕೆಂಪು ತ್ರಿಕೋನ ಗಾಡಿಯಲ್ಲಿ ಇರಲೇಬೇಕು, ಅದನ್ನು ಸಾಕಷ್ಟು ಹಿಂದೆ ಇಡಬೇಕು. ಕಲ್ಲು ಇಟ್ಟವನು ಕಲ್ಲು ತೆಗೆಯದೆ ಹೋಗಬಾರದು.

ಹೇರುವ ಕೈಗಳು

ಈಗ ಗೋದಾಮಿಗೆ ಬರೋಣ. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ತಾಳೇಕೆರೆಯಲ್ಲಿ ಒಂದು ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಬಿತ್ತು. ಕಾರು ಗಟ್ಟಿಮುಟ್ಟಾದದ್ದೆಂದು ಜಗತ್ತಿನಲ್ಲಿ ಹೆಸರಾದ ತಯಾರಿಕೆ. ಒಳಗಿದ್ದ ಒಂದೇ ಮನೆಯ ಆರು ಜನ ಸತ್ತರು. ಅವರು ನಮ್ಮ ಗಡಿಯಾಚೆಯ ಜತ್ತ ತಾಲೂಕಿನವರು. ಟನ್ನುಗಟ್ಟಲೆ ಭಾರ ಪಕ್ಕಕ್ಕೆ ವಾಲಿ ಬಿದ್ದಾಗ ಕೆಳಗಿನ ಕಾರು ಎಷ್ಟು ಬೆಲೆಯದಾದರೂ ಒಂದೇ. ಬಡವನ ಸುರಕ್ಷತೆ ಹೇಗೋ ಹಾಗೆಯೇ ಶ್ರೀಮಂತನ ಸುರಕ್ಷತೆಯೂ ರಸ್ತೆಯಲ್ಲಿ ಒಟ್ಟಿಗೇ ಇರುತ್ತದೆ.

ಕಂಟೇನರಿನ ನಾಲ್ಕೂ ಮೂಲೆಗೆ ತಿರುಗಿಸಿ ಬಿಗಿಯುವ ಕೀಲುಗಳಿವೆ. ಅವನ್ನು ಬಿಗಿಯದೆ ಹೊರಟರೆ ಕಂಟೇನರು ತನ್ನ ಭಾರದಿಂದಲೇ ಕೂತಿರುತ್ತದೆ, ತಿರುವು ಬರುವ ತನಕ. ಉಕ್ಕಿನ ಸುರುಳಿ ಉರುಳುವ ವಸ್ತು. ಅದಕ್ಕೆ ಮರದ ಒತ್ತುಗಟ್ಟಿಗೆಗಳೂ ಸರಪಳಿಗಳೂ ಬೇಕು, ಹಗ್ಗ ಸಾಲದು. ಬ್ರೇಕ್ ಹಿಡಿದಾಗ ಗಾಡಿ ನಿಂತರೂ ಸುರುಳಿ ನಿಲ್ಲದಿದ್ದರೆ ಅದು ಹೋಗುವುದು ಚಾಲಕನ ಬೆನ್ನಿಗೆ. ಹತ್ತಿಯ ಹೇರು ಹಗುರವೆಂದು ಮುಗಿಲು ಮುಟ್ಟುವಂತೆ ಒಟ್ಟುತ್ತಾರೆ. ತೂಕ ಮಿತಿಯೊಳಗೇ ಇದ್ದರೂ ಎತ್ತರ ಮಿತಿ ಮೀರಿರುತ್ತದೆ. ಚೀಲಗಳನ್ನು ಒಂದೇ ಮಗ್ಗುಲಿಗೆ ಹೆಚ್ಚು ಹೇರಿದರೆ ಗಾಡಿ ಗೋದಾಮಿನಲ್ಲಿಯೇ ಪಲ್ಟಿಯ ಕಡೆಗೆ ಅರ್ಧ ವಾಲಿದಂತೆ.

ಇದನ್ನೆಲ್ಲ ಹಮಾಲ ಬಲ್ಲ. ಹೇರಿನ ತೂಕ ಕಾಗದದಲ್ಲಿ ಏನಿದೆ ಎಂಬುದು ಗುಮಾಸ್ತನಿಗೆ ಗೊತ್ತು. ನಿಜವಾಗಿ ಏನಿದೆ ಎಂಬುದು ಹಮಾಲನ ಬೆನ್ನಿಗೆ ಗೊತ್ತು. ಆದರೆ ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲ "ಇನ್ನು ಸಾಕು" ಎಂದರೆ ಅವನ ಕೂಲಿ ಕಡಿಮೆಯಾಗುತ್ತದೆ. ಟ್ರಿಪ್ಪಿನ ಲೆಕ್ಕದಲ್ಲಿ ಪಗಾರ ಪಡೆಯುವ ಚಾಲಕ "ಇದು ಹೆಚ್ಚಾಯಿತು" ಎಂದರೆ ಮಾಲಕ ಬೇರೆ ಚಾಲಕನನ್ನು ಕರೆಯುತ್ತಾನೆ. ಇಬ್ಬರೂ ಬಲ್ಲರು, ಇಬ್ಬರೂ ಬಾಯಿ ಬಿಡರು. ಈ ಮೌನವನ್ನು ಮುರಿಯದೆ ಎಷ್ಟು ಎಚ್ಚರಿಕೆಯ ಫಲಕಗಳನ್ನು ನೆಟ್ಟರೂ ವ್ಯರ್ಥ.

ಕಾಯಿದೆ ಈ ವಿಷಯದಲ್ಲಿ ಪೂರ್ತಿ ಕುರುಡಲ್ಲ. ಮೋಟಾರು ವಾಹನ ಕಾಯಿದೆಯ 194ನೆಯ ಕಲಮು, 2019ರ ತಿದ್ದುಪಡಿಯ ನಂತರ, ಹೆಚ್ಚಿನ ಹೇರಿಗೆ 20,000 ರೂಪಾಯಿ, ಮೇಲೆ ಒಂದೊಂದು ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಐದು ಟನ್ನು ಹೆಚ್ಚು ಹೇರಿದರೆ 30,000 ರೂಪಾಯಿ. ಹೆಚ್ಚಿನದನ್ನು ಇಳಿಸುವ ಖರ್ಚು ಬೇರೆ. ಈ ಕಲಮು ಗಾಡಿ ಓಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ. ಓಡಿಸಲು ಕಾರಣನಾದವನನ್ನೂ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಕಾಯಿದೆಯಲ್ಲಿ ಇರುವ ಈ ಮಾತು ರಸ್ತೆಗೆ ಬರುವ ಹೊತ್ತಿಗೆ ಚಾಲಕನ ಕಿಸೆಗೆ ಮಾತ್ರ ಕೈ ಹಾಕುತ್ತದೆ. ನಾವು ಆಕ್ಷೇಪಿಸುವುದು ಇದನ್ನು.

ನಿದ್ರೆಯ ಪ್ರಶ್ನೆ

ಗಿರಣಿ ಕೆಲಸಗಾರರಿಗೆ ಎಂಟು ತಾಸಿನ ಪಾಳಿಯ ಬೆಲೆ ಗೊತ್ತು. ಅದು ಯಾರೂ ದಾನ ಕೊಟ್ಟದ್ದಲ್ಲ. ಸಾರಿಗೆ ಕೆಲಸಗಾರರಿಗೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8, ವಾರಕ್ಕೆ 48 ತಾಸಿನ ಮಿತಿಯನ್ನೂ, ಐದು ತಾಸು ದುಡಿದ ಮೇಲೆ ಅರ್ಧ ತಾಸಿನ ವಿಶ್ರಾಂತಿಯನ್ನೂ ಕೊಟ್ಟಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ. 2020ರ ಹೊಸ ಸಂಹಿತೆಯಲ್ಲಿ ಆ ಕಾಯಿದೆಯನ್ನು ವಿಲೀನ ಮಾಡಿದಾಗ ಐದು ಇದ್ದದ್ದು ಹತ್ತಾಯಿತು. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದೆರಡು ಗಾಡಿ ಇಟ್ಟುಕೊಂಡು, ಸಾಲದ ಹಪ್ತೆ ಕಟ್ಟಲು ತಾನೇ ಓಡಿಸುವ ಸಣ್ಣ ಮಾಲಕ ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾನೆ? ಅವನ ಬಳಿ ದುಡಿಯುವ ಚಾಲಕನ ನಿದ್ರೆಗೆ ಕಾವಲು ಯಾರು?

ಹದಿನಾರು ತಾಸು ಗಾಡಿ ಓಡಿಸಿದವನ ಕಣ್ಣು ಮುಚ್ಚುವುದು ಶೀಲದ ದೋಷವಲ್ಲ, ದೇಹದ ಧರ್ಮ. ಅವನು ಮಲಗಬೇಕೆಂದರೂ ಎಲ್ಲಿ ಮಲಗಬೇಕು? ನಮ್ಮ ಹೆದ್ದಾರಿಗಳ ಉದ್ದಕ್ಕೂ ಟ್ರೇಲರುಗಳು ಢಾಬಾಗಳ ಮುಂದೆ, ರಸ್ತೆಯ ಅಂಚಿಗೆ, ಅರ್ಧ ಡಾಂಬರಿನ ಮೇಲೆ ನಿಂತಿರುತ್ತವೆ. ಕತ್ತಲಲ್ಲಿ ಹಿಂದಿನಿಂದ ಬಂದ ಬೈಕು ಅದರ ಕೆಳಗೆ ಹೋಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯ ಪಕ್ಕ ಚಹಾದಂಗಡಿಯ ಬಳಿ ಗಾಡಿ ನಿಲ್ಲಿಸಿಕೊಂಡಿದ್ದ ಚಾಲಕರು ಮಣ್ಣಿನ ಜೊತೆ ಕೊಚ್ಚಿಹೋದರು. ಮರದ ದಿಮ್ಮಿಯ ಲಾರಿಯೊಂದು ಗಂಗಾವಳಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಗುಡ್ಡ ಕಡಿದು ರಸ್ತೆ ಮಾಡಿದವರ ಹೊಣೆ ಒಂದು ಕಡೆ ಇರಲಿ. ವಿಶ್ರಾಂತಿಗೆಂದು ಗಾಡಿ ನಿಲ್ಲಿಸುವವನಿಗೆ ಗುಡ್ಡದ ಬುಡಕ್ಕಿಂತ ಒಳ್ಳೆಯ ಜಾಗವನ್ನು ಈ ನಾಡು ಕೊಟ್ಟಿರಲಿಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಒಳ್ಳೆಯದು. ಬೇಸಿಗೆಯಲ್ಲಿ ಇಂಜಿನ್ನಿನ ಕಾವಿನ ಪಕ್ಕ ಕೂತು ದುಡಿದವರಿಗೆ ಅದರ ಬೆಲೆ ಗೊತ್ತು. ಆದರೆ ತಂಪು ಕ್ಯಾಬಿನ್ನು ನಿದ್ರೆಗೆ ಬದಲಾಗದು.

ರಸ್ತೆಯ ಹೊಣೆ

ಹುಬ್ಬಳ್ಳಿ–ಧಾರವಾಡ ಬೈಪಾಸಿನ ಹೆಸರೆತ್ತಿದರೆ ನಮ್ಮ ಜಿಲ್ಲೆಯವರ ಎದೆ ಝಲ್ಲೆನ್ನುತ್ತದೆ. ಎರಡೂ ಕಡೆ ಪುಣೆ–ಬೆಂಗಳೂರು ರಸ್ತೆ ಅಗಲವಾದ ಮೇಲೂ ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿ.ಮೀ. ತುಂಡು ನಡುವೆ ತಡೆಗೋಡೆಯಿಲ್ಲದೆ ಎರಡೇ ಸಾಲಿನದಾಗಿ ಉಳಿಯಿತು. ಖಾಸಗಿ ಕಂಪನಿ ಕಟ್ಟಿ, ಟೋಲು ವಸೂಲಿ ಮಾಡಿದ ರಸ್ತೆ ಅದು. 2021ರ ಜನವರಿ 15ರ ಮುಂಜಾನೆ ಇಟಿಗಟ್ಟಿಯ ಹತ್ತಿರ ಟಿಪ್ಪರಿಗೂ ಟೆಂಪೋಕ್ಕೂ ಮುಖಾಮುಖಿಯಾಗಿ, ಹಬ್ಬದ ಮರುದಿನ ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಸೇರಿ ಹತ್ತಕ್ಕೂ ಹೆಚ್ಚು ಜನ ಸತ್ತರು. ರಸ್ತೆಯನ್ನು ಆರು ಸಾಲಿಗೆ ಅಗಲ ಮಾಡಲು ಅಡಿಗಲ್ಲು ಬಿದ್ದದ್ದು ಮರುವರ್ಷ, 2022ರಲ್ಲಿ. ನಡುವೆ ಒಂದು ಗೋಡೆ ಇದ್ದರೆ ಉಳಿಯಬಹುದಾದ ಜೀವಗಳಿಗೆ ನಮ್ಮ ವ್ಯವಸ್ಥೆ ಕಟ್ಟಿದ ಬೆಲೆ ಇದು.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ನೆಲಕ್ಕೆ ಅದರದೇ ಗುಣವಿದೆ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ರಸ್ತೆಯ ಅಂಚು ಅದರೊಡನೆ ಒಡೆಯುತ್ತದೆ. ಎದುರು ಬಂದ ಗಾಡಿಗೆ ದಾರಿ ಕೊಡಲು ಟ್ರೇಲರಿನ ಎಡಗಾಲಿಗಳು ಡಾಂಬರು ಬಿಟ್ಟು ಇಳಿದರೆ ಎರೆ ಕೆಸರು ಅವನ್ನು ನುಂಗುತ್ತದೆ. ಗಾಡಿ ಅಲ್ಲಿಯೇ ವಾಲುತ್ತದೆ. ಇಲ್ಲಿ ಗಟ್ಟಿ ಮೊರಮಿನ ಅಂಚು ಬೇಕು. ಇದು ಇಂಜಿನಿಯರರಿಗೆ ಗೊತ್ತಿಲ್ಲದ ಗುಟ್ಟಲ್ಲ.

ದಾರಿ ಕೊಡಲು ಹೋಗಿ ಬಿದ್ದ ಕಥೆ ಸಣ್ಣ ವ್ಯಾಪಾರಸ್ಥರಿಗೆ ಹತ್ತಿರದ್ದು. 2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಲಾರಿಯೊಂದು ಕಂದಕಕ್ಕೆ ಉರುಳಿತು. ಬೇರೊಂದು ಗಾಡಿಗೆ ದಾರಿ ಬಿಡಲು ಎಡಕ್ಕೆ ಸರಿದಾಗ ಹೀಗಾಯಿತು. ಪಕ್ಕಕ್ಕೆ ತಡೆಗೋಡೆ ಇರಲಿಲ್ಲ. ಲಾರಿಯಲ್ಲಿದ್ದವರು ಸವಣೂರಿನ ಹಣ್ಣು, ತರಕಾರಿ ವ್ಯಾಪಾರಸ್ಥರು. ಕುಮಟೆಯ ಸಂತೆಗೆ ಹೊರಟವರು. ಹತ್ತು ಜನ ಸತ್ತರು. ಅದೂ ಟ್ರೇಲರಲ್ಲ, ಆದರೆ ಟ್ರೇಲರುಗಳು ಓಡುವ ರಸ್ತೆ ಅದೇ. ಸರಕಿನ ಗಾಡಿಯಲ್ಲಿ ಅವರು ಯಾಕೆ ಕೂತರು ಎಂದು ಕೇಳುವ ಸಾಹೇಬರಿಗೆ ನಮ್ಮದೊಂದು ಮರುಪ್ರಶ್ನೆ: ರಾತ್ರಿ ಹೊರಟು ಬೆಳಗಿನ ಸಂತೆಗೆ ಬುಟ್ಟಿಯೊಡನೆ ಮುಟ್ಟಿಸುವ ಬಸ್ಸು ಎಲ್ಲಿದೆ? ಆದರೂ ವ್ಯಾಪಾರಸ್ಥ ಬಂಧುಗಳಿಗೆ ಕೈ ಮುಗಿದು ಹೇಳುತ್ತೇವೆ. ಸರಕಿನ ಮೇಲೆ ಕೂಡಬೇಡಿರಿ. ಗಾಡಿ ಪಲ್ಟಿಯಾದಾಗ ಸರಕೇ ಮೈಮೇಲೆ ಬೀಳುತ್ತದೆ. ವಿಮೆಯ ಪ್ರಶ್ನೆ ಬಂದಾಗ ನಿಮ್ಮ ಮನೆಯವರು ಕೋರ್ಟಿನ ಮೆಟ್ಟಿಲು ಸವೆಸುತ್ತಾರೆ.

ಎರಡು ಆಕ್ಷೇಪಗಳು

ಕೆಲವರು ಕೇಳುತ್ತಾರೆ, ಕುಡಿದು ಓಡಿಸುವವರಿಲ್ಲವೇ, ಫೋನು ನೋಡುತ್ತ ಓಡಿಸುವವರಿಲ್ಲವೇ ಎಂದು. ಇದ್ದಾರೆ. ಅಂಥವನ ಲೈಸೆನ್ಸು ಹೋಗಬೇಕು, ಶಿಕ್ಷೆಯಾಗಬೇಕು. ಇದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಆದರೆ ಶಿಕ್ಷೆಯೊಂದನ್ನೇ ಮದ್ದೆಂದು ನಂಬಿದರೆ ಏನಾಗುತ್ತದೆ? ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಕಲಮು ಅಪಘಾತ ಮಾಡಿ, ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಸೆರೆ ಎಂದಿತು. 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಅನೇಕ ಕಡೆ ಚಾಲಕರು ಗಾಡಿ ನಿಲ್ಲಿಸಿದರು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಸರಕಾರ ಆ ಕಲಮನ್ನು ಮಾತ್ರ ಹಿಂದೆ ಇಟ್ಟಿತು. ಗಾಯಾಳುವನ್ನು ಬಿಟ್ಟು ಓಡುವುದು ಪಾಪವೇ ಸರಿ. ಆದರೆ ನಿಂತರೆ ಗುಂಪು ಹೊಡೆದು ಕೊಲ್ಲುವ ಊರಿನಲ್ಲಿ ನಿಲ್ಲು ಎಂದು ಹೇಳುವ ಮೊದಲು ಗುಂಪಿಗೂ ನಾವು ಬುದ್ಧಿ ಹೇಳಬೇಕು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನನ್ನು ಪೊಲೀಸರು ಸತಾಯಿಸಬಾರದೆಂಬ ರಕ್ಷಣೆ 2019ರಿಂದ ಕಾಯಿದೆಯಲ್ಲಿದೆ. 2025ರ ಮೇಯಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿಯವರೆಗೆ ಹಣ ಕೇಳದೆ ಚಿಕಿತ್ಸೆ ಕೊಡುವ ಯೋಜನೆಯೂ ಇದೆ. ಇದನ್ನು ಊರ ಚಹಾದಂಗಡಿಯಲ್ಲಿ ಹತ್ತು ಜನಕ್ಕೆ ಹೇಳಿರಿ. ಹೊಡೆಯಲು ಎತ್ತಿದ ಕೈಗಳು ಗಾಯಾಳುವನ್ನು ಎತ್ತಲಿ.

ಎರಡನೆಯ ಆಕ್ಷೇಪ ವ್ಯಾಪಾರಸ್ಥರದು: ಹೇರು ಇಳಿಸಿದರೆ, ಗಡುವು ಸಡಿಲಿಸಿದರೆ ಬಾಡಿಗೆ ಏರುತ್ತದೆ, ದೊಡ್ಡ ಸಾಹುಕಾರನ ಮುಂದೆ ನಾವು ನಿಲ್ಲುವುದು ಹೇಗೆ? ಈ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕ ಪೂರ್ತಿ ಮಾಡಿರಿ. ಮೀರಿದ ಹೇರಿನ ಲಾಭದಲ್ಲಿ ನಿಮ್ಮ ಪಾಲು ಎಷ್ಟು, ಪಲ್ಟಿಯಾದ ದಿನ ರಸ್ತೆಯಲ್ಲಿ ಚೆಲ್ಲಿದ ಉಳ್ಳಾಗಡ್ಡಿಯಲ್ಲಿ, ಕಡಲೆಯಲ್ಲಿ ನಿಮ್ಮ ಪಾಲು ಎಷ್ಟು? ಹತ್ತು ವ್ಯಾಪಾರಸ್ಥರು ಕೂಡಿ ಒಂದು ಗಾಡಿಯನ್ನು ಮಿತಿಯೊಳಗೆ ತುಂಬಿಸಿದರೆ ಒಬ್ಬೊಬ್ಬನ ಬಾಡಿಗೆಯೂ ಹೊರೆಯಾಗದು. ಗಡುವಿನ ಮಾತಂತೂ ಬರಿಯ ರೂಢಿ. ಸರಕಾರದ ಇ-ವೇ ಬಿಲ್ಲು ಸಾಮಾನ್ಯ ಸರಕಿಗೆ 2021ರಿಂದ ಪ್ರತಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕ ಕೊಡುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 400 ಕಿ.ಮೀ. ಕಾಗದಕ್ಕೆ ಎರಡು ದಿನ ಸಾಕೆನಿಸಿದೆ. ಒಂದೇ ರಾತ್ರಿಯಲ್ಲಿ ಮುಟ್ಟಬೇಕೆನ್ನುವುದು ನಮ್ಮ ಬಾಯಿ.

ಮಾಡಬೇಕಾದ ಕೆಲಸ

ಸರಕಾರದಿಂದ ನಾವು ಕೇಳುವುದು ನಾಲ್ಕು. ಒಂದು, ನವಲಗುಂದ, ಅಣ್ಣಿಗೇರಿ, ಕಲಘಟಗಿಗಳ ಹತ್ತಿರ ಹೆದ್ದಾರಿಯಿಂದ ಒಳಗೆ ಸರಿದ, ನೀರು, ಕಕ್ಕಸು, ದೀಪ, ಕಾವಲು ಇರುವ ಲಾರಿ ತಂಗುದಾಣ. ಎರಡು, ಹೇರು ತುಂಬುವ ಗಿರಣಿ, ಗೋದಾಮು, ಎ.ಪಿ.ಎಂ.ಸಿ. ಅಂಗಳದಲ್ಲಿಯೇ ತೂಕ ಮಾಡಿ ಚೀಟಿ ಕೊಡುವ ವ್ಯವಸ್ಥೆ. ಮಿತಿ ಮೀರಿದರೆ ಹೇರಿಸಿದವನ ಮೇಲೆಯೂ ಮೊಕದ್ದಮೆ. ಮೂರು, ಸಂಸ್ಥೆ ಸಣ್ಣದಿರಲಿ ದೊಡ್ಡದಿರಲಿ, ಎಲ್ಲ ಭಾರಿ ಗಾಡಿಗಳ ಚಾಲಕರಿಗೂ ಕೆಲಸದ ತಾಸಿನ ಮಿತಿ. ನಾಲ್ಕು, ಘಟ್ಟದ ತಿರುವುಗಳಿಗೆ ತಡೆಗೋಡೆ, ಎರೆ ಸೀಮೆಯ ರಸ್ತೆಗಳಿಗೆ ಗಟ್ಟಿ ಅಂಚು.

ಸರಕಾರ ಕೊಡುವ ತನಕ ಕೈ ಕಟ್ಟಿ ಕೂಡುವುದು ಬೇಡ. ಹಮಾಲರ ಸಂಘ ತನ್ನ ಸಭೆಯಲ್ಲಿ ತೀರ್ಮಾನಿಸಬಹುದು: ಮಿತಿ ಮೀರಿದ ಗಾಡಿಗೆ ಒಂದು ಚೀಲವನ್ನೂ ಏರಿಸುವುದಿಲ್ಲ. ಒಬ್ಬ ಹಮಾಲ ಹೇಳಿದರೆ ಕೆಲಸ ಹೋಗುತ್ತದೆ, ಸಂಘ ಹೇಳಿದರೆ ಹೇರು ಇಳಿಯುತ್ತದೆ. ಗಿರಣಿಯ ಗೇಟಿನ ಕೆಲಸಗಾರರು ಹಿಂದಿನ ದೀಪ ಉರಿಯದ ಟ್ರೇಲರನ್ನು ರಾತ್ರಿ ಹೊರಗೆ ಬಿಡದಿರಬಹುದು. ಒಕ್ಕಲಿಗರು ತಮ್ಮ ಟ್ರ್ಯಾಕ್ಟರಿನ ಟ್ರೇಲರಿಗೂ ಚಕ್ಕಡಿಗೂ ಹೊಳೆಯುವ ಪಟ್ಟಿ ಅಂಟಿಸಬಹುದು. ಅದರ ಬೆಲೆ ಒಂದು ಹೊತ್ತಿನ ಚಹಾ ತಿಂಡಿಯ ಖರ್ಚಿನಷ್ಟು. ವ್ಯಾಪಾರಸ್ಥರು ಚಾಲಕನಿಗೆ ಸರಕು ಒಪ್ಪಿಸುವಾಗ "ಯಾವಾಗ ಮುಟ್ಟುತ್ತೀರಿ?" ಎಂದು ಕೇಳುವ ಮೊದಲು "ನಿನ್ನೆ ರಾತ್ರಿ ನಿದ್ದೆ ಆತೇನ್ರಿ?" ಎಂದು ಕೇಳಬಹುದು.

2022ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದು ಸರಕಾರವೇ ಕೊಟ್ಟ ಲೆಕ್ಕ. ಯುದ್ಧವಿಲ್ಲದೆ, ಬರವಿಲ್ಲದೆ, ರೋಗವಿಲ್ಲದೆ ಒಂದು ದೊಡ್ಡ ಪಟ್ಟಣದಷ್ಟು ಜನ ಒಂದೇ ವರ್ಷದಲ್ಲಿ ಹೋದರು. ಇದನ್ನು ಹಣೆಬರಹವೆನ್ನುವವರು ಹೇರಿನ ಚೀಟಿಯನ್ನು ನೋಡಿದವರಲ್ಲ. ಮುಂದಿನ ವಾರ ನಿಮ್ಮ ಗೋದಾಮಿನ ಮುಂದೆ ಟ್ರೇಲರು ಬಂದು ನಿಂತಾಗ ಮೂರು ಮಾತು ಕೇಳಿರಿ: ತೂಕ ಎಷ್ಟು, ಬಿಗಿದದ್ದು ಹೇಗೆ, ಓಡಿಸುವವನು ಮಲಗಿ ಎಷ್ಟು ತಾಸಾಯಿತು. ಉತ್ತರ ಸರಿ ಬರದಿದ್ದರೆ ಗಾಡಿಯನ್ನು ತಡೆಯುವ ಹಕ್ಕು ನಿಮಗಿದೆ. ಅದು ಹೋಗುವ ರಸ್ತೆಯಲ್ಲಿ ನಿಮ್ಮ ಮಕ್ಕಳೂ ಶಾಲೆಗೆ ನಡೆದು ಹೋಗುತ್ತಾರೆ.